ಬಾಯಾರಿದ ನಾಯಿಗಳ ವಿಡಿಯೋ

ಏಣಿ ಮೇಲಕ್ಕೆ ಹೋಯಿತು.

ನಾನು ಕೆಳಗೇ ಉಳಿದೆ.

ಹತ್ತಡಿ ಆಳದ ಕಾಂಕ್ರೀಟ್ ತೊಟ್ಟಿ. ಹಿಂದೆ ಯಾರೋ ದನಗಳಿಗೆ ನೀರು ತುಂಬಿಸಿಡಲು ಕಟ್ಟಿಸಿದ್ದು. ಈಗ ತಳದಲ್ಲಿ ಬರೀ ಮರಳು, ಇಲಿಯ ಹಿಕ್ಕೆ, ನಾಯಿಕೂದಲು. ಏಪ್ರಿಲ್ ತಿಂಗಳ ಅರಿಜೋನಾ ಮರುಭೂಮಿ. ಮಧ್ಯಾಹ್ನ ಎರಡು ಗಂಟೆ. ಗೋಡೆ ಮುಟ್ಟಿದರೆ ಕಾದ ಕಾವಲಿ ಮುಟ್ಟಿದ ಹಾಗಿತ್ತು.

ನನ್ನ ತೋಳಿನಲ್ಲಿ ಟ್ಯಾನ್ಸಿ. ಎಂಟು ಕಿಲೋ ತೂಕದ ಕಂದು ಟೆರಿಯರ್ ನಾಯಿ. ನಾಲಿಗೆ ಒಣಗಿ ಚಕ್ಕೆಯಾಗಿತ್ತು. ಕಣ್ಣು ಅರ್ಧ ಮುಚ್ಚಿತ್ತು.

ಮೇಲೆ, ತೊಟ್ಟಿಯ ಅಂಚಿನಲ್ಲಿ, ಟ್ರೆಂಟ್ ಮ್ಯಾಬ್ರಿ ಹಗ್ಗದ ಏಣಿಯನ್ನು ಸುತ್ತುತ್ತಿದ್ದ. ಆರಾಮವಾಗಿ. ಒಗೆದ ಬಟ್ಟೆ ಮಡಚುವವನ ಹಾಗೆ.

"ನೀವ್ಯಾಕೆ ಬರೋಕ್ ಹೋದ್ರಿ ವೆರ್ನಾ?" ಎಂದ. "ನಾಳೆ ಬೆಳಗ್ಗೆ ನಾನೇ ಬಂದು ಎತ್ಕೊಂಡು ಹೋಗ್ತಿದ್ದೆ."

"ನಾಳೆ ಬೆಳಗ್ಗೆ ಇದು ಸತ್ತಿರುತ್ತೆ."

"ಇಲ್ಲ ಬಿಡಿ. ಮೂರು ದಿನ ತಡೀತವೆ. ನಂಗೆ ಅಭ್ಯಾಸ ಇದೆ."

ಅಭ್ಯಾಸ ಇದೆಯಂತೆ.

"ಈಗ ನನ್ನನ್ನ ಏನ್ ಮಾಡ್ತೀಯ?"

ಅವನು ಯೋಚಿಸಿದ. ನಿಜವಾಗಿಯೂ ನಿಂತು ಯೋಚಿಸಿದ.

"ಇಬ್ಬರನ್ನೂ ಒಟ್ಟಿಗೆ ಕಾಪಾಡಿದ್ರೆ ಒಳ್ಳೆ ವಿಡಿಯೋ ಆಗುತ್ತೆ. ಆದ್ರೆ ನೀವು ಬಾಯಿ ಬಿಡ್ತೀರಲ್ಲ. ಅದೇ ತೊಂದರೆ. ನಾಯಿ ಆದ್ರೆ ಮಾತಾಡಲ್ಲ."

ಹಿಂದಿನದನ್ನು ಬೇಗ ಹೇಳಿಬಿಡುತ್ತೇನೆ, ಕೇಳಿ.

ನನ್ನ ಹೆಸರು ವೆರ್ನಾ ಸ್ಟೋಕ್ಸ್. ವಯಸ್ಸು ಐವತ್ತೆರಡು. ಆರು ವರ್ಷದಿಂದ ನನ್ನ ಮನೆ ಚಕ್ರಗಳ ಮೇಲಿದೆ. ಮೂವತ್ತಡಿ ಉದ್ದದ ಹಳೆಯ ಮೋಟರ್‌ಹೋಮ್, ಛಾವಣಿಯ ಮೇಲೆ ಇಂಟರ್ನೆಟ್ಟಿನ ತಟ್ಟೆ, ಒಳಗೆ ನಾನು ಮತ್ತು ಮೂಸ್ ಎಂಬ ದಡೂತಿ ನಾಯಿ. ಒಂದು ಇನ್ಶೂರೆನ್ಸ್ ಕಂಪನಿಗೆ ನಿಂತ ಜಾಗದಿಂದಲೇ ಕೆಲಸ. ಜನ ಕಳಿಸುವ ಫೋಟೋ ನೋಡುವುದು, ಯಾವುದು ಸುಳ್ಳು ಎಂದು ಹುಡುಕುವುದು. ಸುಟ್ಟ ಅಡಿಗೆಮನೆ, ಜಜ್ಜಿದ ಕಾರು, ಕಳೆದುಹೋದ ಉಂಗುರ. ಹದಿನೇಳು ವರ್ಷ ಇದನ್ನೇ ಮಾಡಿದ ಮೇಲೆ ಮನುಷ್ಯರ ಬಗ್ಗೆ ನನಗೆ ಎಂಥ ಅಭಿಪ್ರಾಯ ಉಳಿದಿದೆ ಎಂದು ನೀವೇ ಊಹಿಸಿ.

ಚಳಿಗಾಲದಲ್ಲಿ ನಮ್ಮಂಥವರು ಸಾವಿರಾರು ಮಂದಿ ಕ್ವಾರ್ಟ್ಸೈಟ್ ಊರಿನ ಸುತ್ತಲ ಬಯಲಿಗೆ ಬಂದು ಬೀಳುತ್ತೇವೆ. ಬಿಸಿಲು ಏರಿದ ಕೂಡಲೇ ಉತ್ತರಕ್ಕೆ ಗಾಡಿ ಕಟ್ಟುತ್ತೇವೆ. ಆ ಏಪ್ರಿಲ್‌ನಲ್ಲಿ ನಮ್ಮ ಕಡೆ ಉಳಿದದ್ದು ಮೂರೇ ಗಾಡಿ. ನಂದು, ಟ್ರೆಂಟ್‌ದು, ಐಡಾ ಪ್ರೂಯಿಟ್‌ದು.

ಐಡಾಗೆ ಎಪ್ಪತ್ತೊಂದು. ಪುಟ್ಟ ಗಾಡಿಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಯಾವುದೋ ಔಷಧಿ ಕಂಪನಿಯ ಗಿರಾಕಿಗಳಿಗೆ ಫೋನಿನಲ್ಲಿ ಉತ್ತರ ಹೇಳುತ್ತಾಳೆ. ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ದಿಢೀರನೆ ಇಳಿದುಬಿಡುತ್ತದೆ; ಅವಳಿಗೇ ಗೊತ್ತಾಗುವುದಿಲ್ಲ. ಟ್ಯಾನ್ಸಿಗೆ ಗೊತ್ತಾಗುತ್ತದೆ. ವಾಸನೆಯಿಂದಲೇ. ಐಡಾ ಏನಾದರೂ ಸಿಹಿ ಕುಡಿಯುವವರೆಗೂ ಮಂಡಿ ಕೆರೆಯುತ್ತಲೇ ಇರುತ್ತದೆ.

ಒಂದು ಮಂಗಳವಾರ ಐಡಾ ನನ್ನ ಬಾಗಿಲು ಬಡಿದಳು.

"ಟ್ಯಾನ್ಸಿ ಕಾಣಿಸ್ತಿಲ್ಲ ಕಣೆ ಹುಡುಗಿ. ನೆರಳಲ್ಲಿ ಕಟ್ಟಿದ್ದೆ. ನಾನು ಫೋನಲ್ಲಿದ್ದೆ, ಅರ್ಧ ಗಂಟೆ ಅಷ್ಟೇ..."

ಹಗ್ಗ ಕಡಿದಿರಲಿಲ್ಲ. ಕೊಕ್ಕೆ ಬಿಚ್ಚಿತ್ತು. ಕೊಕ್ಕೆ ಬಿಚ್ಚಲು ನರಿ ತೋಳಗಳಿಗೆ ಬೆರಳಿಲ್ಲ.

ಹತ್ತೇ ನಿಮಿಷದಲ್ಲಿ ಟ್ರೆಂಟ್ ಬಂದ. ಮೂವತ್ತರ ಪ್ರಾಯ, ಚೆಂದದ ಗಡ್ಡ, ಕೈಯಲ್ಲಿ ಕ್ಯಾಮೆರಾ. ಮರುಭೂಮಿಯಲ್ಲಿ ದಿಕ್ಕೆಟ್ಟ ನಾಯಿಗಳನ್ನು ಕಾಪಾಡಿ ವಿಡಿಯೋ ಹಾಕುವುದೇ ಅವನ ಕಸುಬು. ನೋಡುವವರು ಆರು ಲಕ್ಷ ಜನ. ಬಂದವನೇ ಐಡಾಳನ್ನು ತಬ್ಬಿಕೊಂಡ. ಕ್ಯಾಮೆರಾ ಆನ್ ಆಗಿತ್ತು.

"ಅಳಬೇಡಿ ಅಜ್ಜಿ. ನಾನು ಹುಡುಕಿ ತರ್ತೀನಿ. ಮಾತು ಕೊಡ್ತೀನಿ."

"ಹುಡುಕೋದು ಹುಡುಕು. ಅಜ್ಜಿ ಗಿಜ್ಜಿ ಅನ್ಬೇಡ," ಎಂದಳು ಐಡಾ.

ಕೆಟ್ಟವರ ವಾಸನೆ ನಾಯಿಗೆ ಗೊತ್ತಾಗುತ್ತದೆ ಎನ್ನುತ್ತಾರೆ. ಸುಳ್ಳು. ನನ್ನ ಮೂಸ್ ಅವನ ಕೈ ನೆಕ್ಕಿತು. ಅವನ ಜೇಬಿನಲ್ಲಿ ಒಣಗಿಸಿದ ಮಾಂಸ ಇತ್ತು.

ಎರಡು ದಿನ ಪೊದೆ ಪೊದೆ ಹುಡುಕಿದೆವು. ಮೂರನೆಯ ಬೆಳಗ್ಗೆ ಆಫೀಸಿನ ಕೆಲಸ ಪಕ್ಕಕ್ಕಿಟ್ಟು ಅವನ ವಿಡಿಯೋಗಳನ್ನು ಹಾಕಿಕೊಂಡು ಕೂತೆ. ಸುಟ್ಟ ಅಡಿಗೆಮನೆ ನೋಡುವ ಕಣ್ಣಿನಿಂದಲೇ ನೋಡಿದೆ.

ಒಂಬತ್ತು ತಿಂಗಳು. ಹನ್ನೊಂದು ನಾಯಿ. ಪ್ರತಿ ಸಲವೂ ಬೇರೆ ಜಾಗ ಎನ್ನುತ್ತಾನೆ. ಆದರೆ ನಾಲ್ಕು ವಿಡಿಯೋಗಳಲ್ಲಿ ಹಿಂದಿನ ಗೋಡೆಯ ಬಿರುಕು ಒಂದೇ. ಕವಲೊಡೆದ ಕೊಂಬೆಯಂಥ ಬಿರುಕು. ಇನ್ನೊಂದು ಸಂಗತಿ... ಸಾಯುತ್ತ ಬಿದ್ದ ನಾಯಿ ಅವನನ್ನು ಕಂಡ ಕೂಡಲೇ ಬಾಲ ಅಲ್ಲಾಡಿಸುತ್ತದೆ. ಗುರುತಿರುವವನಿಗೆ ಅಲ್ಲಾಡಿಸುವ ಹಾಗೆ. ಅವನು ನೀರು ಕುಡಿಸುತ್ತಾನೆ. ಅಳುತ್ತಾನೆ. ಕೆಳಗೆ ಸಾವಿರಾರು ಜನ "ನೀನು ದೇವರು" ಎಂದು ಬರೆದಿದ್ದಾರೆ.

ಕಾಫಿ ಲೋಟ ಕೆಳಗಿಟ್ಟೆ.

ಗೋಡೆಯಾಚೆ ಕಾಣುವ ಬೆಟ್ಟದ ಸಾಲನ್ನು ಉಪಗ್ರಹದ ನಕ್ಷೆಯೊಂದಿಗೆ ಹೋಲಿಸಿದೆ. ನಲವತ್ತು ನಿಮಿಷ ಹಿಡಿಯಿತು. ಜಾಗ ಸಿಕ್ಕಿತು. ದಕ್ಷಿಣಕ್ಕೆ ಹದಿನೆಂಟು ಮೈಲಿ. ಪೊಲೀಸರಿಗೆ ಫೋನ್ ಮಾಡಿದೆ. ಹತ್ತಿರದ ಗಾಡಿ ತಲುಪಲು ಎರಡು ಗಂಟೆ ಬೇಕೆಂದರು. ಟ್ಯಾನ್ಸಿಗೆ ಅಷ್ಟು ಹೊತ್ತು ಇರಲಿಲ್ಲ.

"ನಾನೂ ಬರ್ತೀನಿ," ಎಂದಳು ಐಡಾ.

"ಬೇಡ. ದಾರೀಲಿ ನಿಮಗೆ ಏನಾದ್ರೂ ಆದ್ರೆ?"

"ಇಲ್ಲಿ ಒಬ್ಳೇ ಕೂತ್ರೆ ಆಗಲ್ವಾ? ಗಾಡಿ ತೆಗಿ."

ತೊಟ್ಟಿ ಕಾಲು ಮೈಲಿ ಇರುವಾಗ ದಿಬ್ಬದ ಮರೆಯಲ್ಲಿ ಮೋಟರ್‌ಹೋಮ್ ನಿಲ್ಲಿಸಿದೆ. ಐಡಾ, ಮೂಸ್ ಒಳಗೇ ಇರಲಿ, ಪೊಲೀಸರು ಬಂದರೆ ದಾರಿ ತೋರಿಸಲಿ ಎಂದುಕೊಂಡೆ. ಕೀಲಿ ಗಾಡಿಯಲ್ಲೇ ಬಿಟ್ಟು ಒಬ್ಬಳೇ ನಡೆದೆ. ತೊಟ್ಟಿಯ ಬಳಿ ಯಾರೂ ಕಾಣಲಿಲ್ಲ. ಏಣಿ ಇಳಿಬಿಟ್ಟಿತ್ತು. ಅನುಮಾನ ಬರಲು ಅದೊಂದೇ ಸಾಕಿತ್ತು. ಆದರೆ ತಳದಲ್ಲಿ ಬಿದ್ದಿದ್ದ ಟ್ಯಾನ್ಸಿ ಕಂಡಿತು. ನೀರಿನ ಬಾಟಲಿಯನ್ನು ಅಂಚಿನ ಮೇಲೇ ಬಿಟ್ಟು ಇಳಿದುಬಿಟ್ಟೆ. ನನ್ನ ಕಣ್ಣಿಗೆ ಬೀಳದ ಹಾಗೆ ಅವನ ಟ್ರಕ್ ಆಚೆ ಪೊದೆಯ ಹಿಂದೆ ನಿಂತಿತ್ತು.

ಹದಿನೇಳು ವರ್ಷದ ಅನುಭವ ನೋಡಿ.

ಫೋನಿಗೆ ಸಿಗ್ನಲ್ ಇರಲಿಲ್ಲ. ಮೇಲಿನಿಂದ ಟ್ರೆಂಟ್ ಕ್ಯಾಮೆರಾ ಹಿಡಿದ.

"ಸ್ವಲ್ಪ ಈ ಕಡೆ ತಿರುಗಿ. ನಾಯಿ ಮುಖ ಕಾಣ್ಲಿ."

"ಆ ಬಾಟಲಿ ಎಸಿ. ನಂಗೆ ಬೇಡ. ಇದಕ್ಕೆ ಎರಡು ಗುಟುಕು."

"ನೀರು ಬಿದ್ರೆ ಎದ್ದು ಕೂತ್ಬಿಡುತ್ತೆ. ಆಮೇಲೆ ನೋಡೋರಿಗೆ ಏನು ಉಳೀತು?"

ನನ್ನ ಬಾಟಲಿಯ ಮುಚ್ಚಳ ತೆಗೆದು ಅವನೇ ಕುಡಿದ. ಪೂರ್ತಿ ಕುಡಿದ. ಗಡ್ಡ ಒರೆಸಿಕೊಂಡ.

ಇನ್ಶೂರೆನ್ಸ್ ಹಣಕ್ಕಾಗಿ ಮನುಷ್ಯರನ್ನು ಕೊಂದವರ ಕಡತ ನೋಡಿದ್ದೇನೆ. ಯಾವತ್ತೂ ಇಷ್ಟು ಅಸಹ್ಯವಾಗಿರಲಿಲ್ಲ.

ಆಗ ಇಂಜಿನ್ ಸದ್ದು ಕೇಳಿತು. ಹಿಂದೆಯೇ ಹಾರ್ನ್... ಬಿಡದೆ. ಟ್ರೆಂಟ್ ತಿರುಗಿ ನೋಡಿದ. ಮುಖ ಬಿಳಿಚಿತು. ಏಣಿ ಬಿಸಾಕಿ ಓಡಿದ.

ಧೂಳಿನ ಮೋಡ ತೊಟ್ಟಿಯೊಳಗೆ ಇಳಿಯಿತು. ಅದರ ಮಧ್ಯೆ ಐಡಾಳ ತಲೆ.

"ಬದುಕಿದೆಯಾ?"

"ಯಾರು?"

"ಟ್ಯಾನ್ಸಿ ಕಣೆ."

"ಬದುಕಿದೆ."

"ನೀನು?"

"ಕೇಳಿದ್ದಕ್ಕೆ ಥ್ಯಾಂಕ್ಸ್."

ಅವಳು ಏಣಿಯನ್ನು ನನ್ನ ಮೋಟರ್‌ಹೋಮಿನ ಬಂಪರಿಗೆ ಕಟ್ಟಿದಳು. ಟ್ಯಾನ್ಸಿಯನ್ನು ಶರಟಿನೊಳಗೆ ಹಾಕಿಕೊಂಡು ಹತ್ತಿದೆ. ಅಷ್ಟರಲ್ಲಿ ಟ್ರೆಂಟ್‌ನ ಟ್ರಕ್ ತಿರುಗಿಕೊಂಡು ಹೊರಟಿತು. ಅದರ ಹಿಂಭಾಗದಲ್ಲಿ ಒಂದು ಪಂಜರ. ಪಂಜರದೊಳಗೆ ಬಿಳಿ ನಾಯಿ.

ಮುಂದಿನ ವಿಡಿಯೋ.

"ಪಕ್ಕಕ್ಕೆ ಸರ್ಕೊಳ್ಳಿ, ನಾನು ಓಡಿಸ್ತೀನಿ," ಎಂದೆ.

"ಇಪ್ಪತ್ತಾರು ವರ್ಷ ಸ್ಕೂಲ್ ಬಸ್ ಓಡಿಸಿದೀನಿ ಹುಡುಗಿ. ನೀನು ನಾಯಿ ನೋಡ್ಕೋ."

ಹೊರಟೆವು. ರಸ್ತೆ ಅನ್ನಬಾರದು ಅದಕ್ಕೆ. ಬೀರು ತೆರೆದು ತಟ್ಟೆಗಳು ಬಿದ್ದವು. ಕಂಪ್ಯೂಟರ್ ಮೇಜಿನಿಂದ ಹಾರಿತು. ಮೂಸ್ ಈ ಗೋಡೆಯಿಂದ ಆ ಗೋಡೆಗೆ ಜಾರಿತು. ನಾನು ನೆಲದ ಮೇಲೆ ಕೂತು ಒದ್ದೆ ಬಟ್ಟೆಯಿಂದ ಟ್ಯಾನ್ಸಿಯ ನಾಲಿಗೆಗೆ ಹನಿ ಹನಿ ನೀರು ಹಿಂಡುತ್ತಿದ್ದೆ. ಮುಂದೆ ಐವತ್ತು ಗಜ ದೂರದಲ್ಲಿ ಟ್ರಕ್ ಧೂಳೆಬ್ಬಿಸಿಕೊಂಡು ಓಡುತ್ತಿತ್ತು. ಬಲಕ್ಕೆ ಮೂವತ್ತಡಿ ಕಂದಕ.

"ಹಿಡೀತೀನಿ ಅವನ್ನ," ಎಂದಳು ಐಡಾ. "ಹಿಡ್ದು..."

ಮಾತು ಅಲ್ಲಿಗೆ ನಿಂತಿತು. ನಾನು ಗಮನಿಸಲಿಲ್ಲ.

ಟ್ಯಾನ್ಸಿ ಗಮನಿಸಿತು.

ನನ್ನ ತೊಡೆಯಿಂದ ಜಾರಿತು. ನಿಲ್ಲಲು ಕಾಲಿಗೆ ಶಕ್ತಿ ಇರಲಿಲ್ಲ. ಹೊಟ್ಟೆಯ ಮೇಲೆ ತೆವಳುತ್ತ ಮುಂದಿನ ಸೀಟಿನವರೆಗೆ ಹೋಯಿತು. ಐಡಾಳ ಕಣಕಾಲಿನ ಮೇಲೆ ಪಂಜ ಇಟ್ಟು ಕೆರೆಯಿತು. ಒಮ್ಮೆ. ಮತ್ತೊಮ್ಮೆ.

ತಲೆಯೆತ್ತಿ ನೋಡಿದೆ. ಐಡಾಳ ಮುಖದ ತುಂಬ ತಣ್ಣನೆ ಬೆವರು. ಕಣ್ಣು ತೆರೆದಿದ್ದರೂ ನೋಟವಿರಲಿಲ್ಲ. ಗಾಡಿ ಬಲಕ್ಕೆ ವಾಲುತ್ತಿತ್ತು.

ಹಾರಿ ಸ್ಟೇರಿಂಗ್ ಎಳೆದೆ. ಅವಳ ಕಾಲನ್ನು ಒದ್ದು ಸರಿಸಿ ಬ್ರೇಕ್ ತುಳಿದೆ. ಅಂಚಿಗೆ ಮೂರು ಅಡಿ ಇರುವಾಗ ನಿಂತಿತು.

ಫ್ರಿಜ್ಜಿನಲ್ಲಿ ಕಿತ್ತಳೆ ರಸ ಇತ್ತು. ತುಟಿಗೆ ಹಿಡಿದೆ. ಅರ್ಧ ಚೆಲ್ಲಿತು, ಅರ್ಧ ಇಳಿಯಿತು. ಐದು ನಿಮಿಷ... ಹತ್ತು ನಿಮಿಷ.

"ಸಿಕ್ಕಿದನಾ?" ಎಂದಳು ಕೊನೆಗೆ.

"ಹೋದ."

"ಥೂ." ಕೆಳಗೆ ಬಾಗಿ ಟ್ಯಾನ್ಸಿಯನ್ನು ಎತ್ತಿಕೊಂಡಳು. ಅದು ಇನ್ನೂ ಅವಳ ಕೈ ಕೆರೆಯುತ್ತಲೇ ಇತ್ತು. "ಕುಡಿದೆ ಮಗಳೇ. ಕುಡಿದೆ. ಸಾಕು ಬಿಡು." ಮುಖ ಕಿಟಕಿಯ ಕಡೆಗೆ ತಿರುಗಿಸಿಕೊಂಡಳು. ನಾನೂ ನೋಡಲು ಹೋಗಲಿಲ್ಲ.

ಅವನು ಬಹಳ ದೂರ ಹೋಗಿರಲಿಲ್ಲ. ಎರಡು ಮೈಲಿ ಆಚೆ, ಒಣ ಹಳ್ಳದ ಮರಳಿನಲ್ಲಿ ಟ್ರಕ್ ಹೊಟ್ಟೆಯವರೆಗೆ ಹೂತಿತ್ತು. ಎದುರಿನಿಂದ ಬಂದ ಪೊಲೀಸ್ ಗಾಡಿಯ ಹೆಂಗಸು ಪಂಜರದ ಬೀಗ ಒಡೆಯುತ್ತಿದ್ದಳು. ಟ್ರೆಂಟ್ ಬೆನ್ನು ತಿರುಗಿಸಿ ನಿಂತು ತನ್ನ ಮುಖಕ್ಕೆ ತಾನೇ ಕ್ಯಾಮೆರಾ ಹಿಡಿದಿದ್ದ. ಕಣ್ಣೀರು ಸುರಿಯುತ್ತಿತ್ತು.

"ಇವತ್ತು ನನ್ನ ಜೀವನದ ಅತಿ ಕಷ್ಟದ ದಿನ, ಸ್ನೇಹಿತರೇ..."

ಪೊಲೀಸಮ್ಮ ಕ್ಯಾಮೆರಾ ಕಿತ್ತುಕೊಂಡಳು. ಕಣ್ಣೀರು ತಕ್ಷಣ ನಿಂತಿತು. ನಲ್ಲಿ ತಿರುಗಿಸಿದ ಹಾಗೆ.

ಕ್ಯಾಮೆರಾದಲ್ಲಿ ತೊಟ್ಟಿಯೊಳಗಿನ ನಾನೂ ಇದ್ದೆ. ಕೋರ್ಟಿಗೆ ಅಷ್ಟು ಸಾಕಾಯಿತು. ಎಂಟು ತಿಂಗಳು ಜೈಲು, ಇನ್ನು ಮೇಲೆ ಯಾವ ಪ್ರಾಣಿಯನ್ನೂ ಸಾಕಬಾರದೆಂದು ಆದೇಶ. ಆ ಹನ್ನೊಂದು ನಾಯಿಗಳಲ್ಲಿ ಏಳರ ಯಜಮಾನರನ್ನು ನಾನೇ ಹುಡುಕಿ ಫೋನ್ ಮಾಡಿದೆ. ಇಬ್ಬರು ಅತ್ತರು. ಒಬ್ಬಳು ನನಗೇ ಬೈದಳು... ಅಂಥ ಒಳ್ಳೆಯವನ ಮೇಲೆ ಅಪವಾದ ಹೊರಿಸಲು ನಾಚಿಕೆಯಾಗುವುದಿಲ್ಲವೇ ಎಂದು.

ಹೋದ ತಿಂಗಳು ಟ್ರೆಂಟ್ ಹೊರಗೆ ಬಂದ. ಮತ್ತೆ ವಿಡಿಯೋ ಶುರು ಮಾಡಿದ್ದಾನೆ. ನೋಡುವವರು ಈಗ ಎಂಟು ಲಕ್ಷ.

ಈ ಸಲ ಕಳ್ಳಿ ಗಿಡ ಬೆಳೆಸುತ್ತಾನಂತೆ. ನೀರು ಕೊಡದಿದ್ದರೂ ಸಾಯದಂಥದನ್ನೇ ಆರಿಸಿಕೊಂಡಿದ್ದಾನೆ.