ಹಳದಿ ಅನ್ನದ ದೋಣಿ

"ಮುಟ್ಟಬೇಡ ಮಾರಾಯ್ತಿ. ಹೋಗಲಿಕ್ಕೆ ಬಿಡು ಅದನ್ನು."

ಡಾಕ್ಟರ್ ವಾರಿಜಾಕ್ಷಿ ಹೇಳಿ ಮುಗಿಸುವ ಮೊದಲೇ ಜಯಮಾಲಾ ಬೋಟಿನ ಅಂಚಿಗೆ ಹೊಟ್ಟೆಯೊತ್ತಿ ಬಗ್ಗಿದ್ದಳು. ನೀರಿನ ಮೇಲೆ ಮೊಳದುದ್ದದ ಪುಟ್ಟ ದೋಣಿಯೊಂದು ತೇಲಿ ಬರುತ್ತಿತ್ತು. ಬಿದಿರ ಸೀಳುಗಳಿಂದ ಹೆಣೆದ ಮೈ, ಹಳದಿ ಬಟ್ಟೆಯ ಹಾಯಿ. ಒಳಗೆ ಬಾಳೆಲೆಯ ಮೇಲೆ ಹಳದಿ ಅನ್ನ, ಬೇಯಿಸಿದ ಮೊಟ್ಟೆ, ಗಂಟು ಹಾಕಿದ ಒಂದಿಷ್ಟು ಬಿಳಿ ಕೂದಲು.

"ಅದು ಆಟದ್ದಲ್ಲ. ಇಲ್ಲಿಯ ಮಂತ್ರವಾದಿಗಳು ರೋಗಿಯ ಮೈಯಿಂದ ಕಾಯಿಲೆ ಇಳಿಸಿ, ಹೀಗೆ ದೋಣಿಯಲ್ಲಿ ಕೂರಿಸಿ ಕಡಲಿಗೆ ಬಿಡ್ತಾರೆ. ದಾರಿಯಲ್ಲಿ ತಡೆದವರಿಗೆ ಹತ್ತುತ್ತದಂತೆ."

"ಡಾಕ್ಟ್ರಾಗಿ ನೀವೇ ಹೀಗಂದ್ರೆ ಹೇಗಕ್ಕಾ? ನಂದು ಎರಡೂ ಡೋಸ್ ಆಗಿದೆ. ಇದಕ್ಕೆ ಬೇರೆ ಇಂಜೆಕ್ಷನ್ ಇದ್ಯಾ?"

ಸ್ಟೀರಿಂಗ್ ಹಿಡಿದಿದ್ದ ಉಮಾನಾಥ ನಕ್ಕರು. ಅವರ ಹೆಂಡತಿ ವಾರಿಜಾಕ್ಷಿ ನಗಲಿಲ್ಲ.

ಜಯಮಾಲಾ ಮೈಸೂರಿನಿಂದ ಮಾಂಟ್ ಕಿಯಾರಾ ಬಡಾವಣೆಗೆ ಬಂದ ಕೆಲವೇ ವಾರಗಳಲ್ಲಿ ಲಾಕ್‌ಡೌನ್ ಶುರುವಾಗಿತ್ತು. ಅಂದಿನಿಂದ ಮಲೇಷ್ಯಾ ಎಂದರೆ ಅವಳಿಗೆ ಬಾಲ್ಕನಿಯೆದುರಿನ ಕಾಂಡೋ ಕಟ್ಟಡ, ಅಷ್ಟೆ. ರಾಜ್ಯದ ಗಡಿ ದಾಟಲು ಬಿಟ್ಟದ್ದೇ ತಡ, ಮಗಳು ಶ್ರೀಯಾಳನ್ನು ಕರೆದುಕೊಂಡು ಕಡಲತೀರದ ಮೆಲಾಕಾಕ್ಕೆ ಹೊರಟಿದ್ದಳು. ಅಲ್ಲಿ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುವ ಈ ಉಡುಪಿಯ ದಂಪತಿಗೆ ಸ್ವಂತ ಮೋಟಾರ್ ಬೋಟಿತ್ತು. ದ್ವೀಪಗಳನ್ನು ಸುತ್ತಿಸುತ್ತೇವೆ ಬನ್ನಿ ಎಂದು ಕರೆದಿದ್ದರು.

ಮನೆಯಲ್ಲಿ ದಸರೆಯ ಬೊಂಬೆಗಳು ಕೂತಿದ್ದವು. ವರ್ಷಕ್ಕೊಂದಾದರೂ ಹೊಸ ಬೊಂಬೆ ಸೇರಲೇಬೇಕು. ಈ ಸಲ ಊರಿನಿಂದ ಪಾರ್ಸೆಲ್ ಬಂದಿರಲಿಲ್ಲ. ಹೊಸದೇನೂ ಸಿಗಲಿಲ್ಲವಲ್ಲ ಎಂಬ ಅಳುಕು ಅವಳನ್ನು ರಾತ್ರಿಯೆಲ್ಲ ಕೊರೆಯುತ್ತಿತ್ತು.

"ಕೆಳಗಿನ ಮೆಟ್ಟಿಲಿಗೆ ಎಷ್ಟು ಚೆನ್ನಾಗಿರುತ್ತೆ ನೋಡಿ ಇದು!"

"ಬೊಂಬೆ ತಪ್ಪಬಾರದು ಅಂತ ನಂಬ್ತಿ. ಇದನ್ನು ಮಾತ್ರ ನಂಬುದಿಲ್ಲ?"

ಜಯಮಾಲಾ ದೋಣಿಯನ್ನು ಎತ್ತಿಕೊಂಡಳು. ಸಾಂಬ್ರಾಣಿಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಅನ್ನ, ಮೊಟ್ಟೆ, ಕೂದಲು ಎಲ್ಲವನ್ನೂ ಸಮುದ್ರಕ್ಕೆ ಕೊಡವಿ, ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡಳು.

ಗಾಳಿ ನಿಂತಿತು. ಎಂಜಿನ್ ಬಿಕ್ಕಳಿಸಿತು, ಆಮೇಲೆ ಅದೂ ನಿಂತಿತು.

"ಎಂತ ಆಯ್ತಪ್ಪ ಇದಕ್ಕೆ?" ಉಮಾನಾಥ ಕೀಲಿಯನ್ನು ಮತ್ತೆ ಮತ್ತೆ ತಿರುಗಿಸಿದರು. ಕಡಲು ಎಣ್ಣೆ ಸುರಿದಂತೆ ಸಪಾಟಾಗಿ ಬಿದ್ದಿತ್ತು. ಆ ಮೌನದೊಳಗೆ ಯಾರೋ ಕೆಮ್ಮಿದರು.

ಎಲ್ಲರೂ ತಿರುಗಿದರು. ಎಷ್ಟೋ ವರ್ಷ ಬೀಡಿ ಸೇದಿದ ಮುದುಕನ ಕೆಮ್ಮು ಅದು. ಕೆಮ್ಮಿದ್ದು ಶ್ರೀಯಾ.

"ಅಮ್ಮಾ, ಐಯಾಮ್ ಕೋಲ್ಡ್," ಎಂದಳು ಮಗು.

ನೆತ್ತಿಯ ಮೇಲೆ ಬಿಸಿಲು ಸುಡುತ್ತಿತ್ತು. ಜಯಮಾಲಾ ಮಗಳನ್ನು ಬಾಚಿ ತಬ್ಬಿಕೊಂಡಳು. ಮೈ ಐಸಿನಂತೆ ಕೊರೆಯುತ್ತಿತ್ತು. ಮತ್ತೆ ಕೆಮ್ಮು. ಈ ಸಲ ಬಾಯಿಂದ ನೀರು ಬಂತು. ಬೊಗಸೆಗಟ್ಟಲೆ ನೀರು, ಉಪ್ಪು ನೀರು. ಮಗು ಇನ್ನೂ ಕಡಲಿಗೆ ಇಳಿದೇ ಇರಲಿಲ್ಲ. ವಾರಿಜಾಕ್ಷಿ ಅವಳನ್ನು ಬೋರಲು ಮಲಗಿಸಿ ಬೆನ್ನು ತಟ್ಟಿದರು, ಎದೆಗೆ ಕಿವಿಯಿಟ್ಟರು. ತುಟಿಗಳು ನೇರಳೆಯಾಗುತ್ತಿದ್ದವು. ಉಸಿರಿನಲ್ಲಿ ಸಾಂಬ್ರಾಣಿಯ ವಾಸನೆ.

"ಆಸ್ಪತ್ರೆಗೆ ಹೋಗೋಣ! ಯಾರಿಗಾದ್ರೂ ಫೋನ್ ಮಾಡಿ!"

"ಸಿಗ್ನಲ್ ಇಲ್ಲ," ಎಂದರು ಉಮಾನಾಥ.

ಜಯಮಾಲಾ ಆ ದೋಣಿಯನ್ನು ಎತ್ತಿ ಶಕ್ತಿ ಇದ್ದಷ್ಟು ದೂರ ಎಸೆದಳು. ಅದು ಮಗುಚಿತು, ತಾನೇ ನೆಟ್ಟಗಾಯಿತು. ಗಾಳಿಯಿಲ್ಲ, ಅಲೆಯಿಲ್ಲ. ಆದರೂ ಮೆಲ್ಲಗೆ ತಿರುಗಿ ಬಂತು. ಬೋಟಿನ ಮೈಗೆ ಬಡಿಯಿತು.

ಟಕ್.

ಶ್ರೀಯಾಳ ಉಸಿರು ನಿಂತಿತು. ಮತ್ತೆ ಶುರುವಾಯಿತು.

ಟಕ್.

ಮತ್ತೆ ನಿಂತಿತು.

"ಖಾಲಿ ಕಳಿಸಿದ್ರೆ ಹೋಗುದಿಲ್ಲ ಅದು," ವಾರಿಜಾಕ್ಷಿ ಪಿಸುಗುಟ್ಟಿದರು. "ಊಟ ಕೊಟ್ಟು ಕೂರಿಸಿದ್ದರು. ನೀನು ಎಬ್ಬಿಸಿದೆ."

ಜಯಮಾಲಾ ಬುತ್ತಿಯ ಡಬ್ಬಿಗೆ ಕೈಹಾಕಿದಳು. ಬೆಳಿಗ್ಗೆ ಕಲಸಿದ ಚಿತ್ರಾನ್ನವಿತ್ತು. ಹಳದಿ ಅನ್ನವೇ ಅಲ್ಲವೇ? ದೋಣಿಯನ್ನು ಮೇಲೆತ್ತಿ, ಬೊಗಸೆ ತುಂಬ ಬಾಚಿ ಅದರಲ್ಲಿ ಸುರಿದಳು. ವಾರಿಜಾಕ್ಷಿಯ ಔಷಧಿ ಚೀಲದಲ್ಲಿದ್ದ ಕತ್ತರಿಯಿಂದ ಮಗಳ ಜಡೆಯ ತುದಿ ಕತ್ತರಿಸಿ ಗಂಟು ಹಾಕಿ ಅದರ ಮೇಲಿಟ್ಟಳು. "ಹೋಗಪ್ಪಾ. ತಪ್ಪಾಯ್ತು. ಹೋಗು," ಎಂದು ಎರಡೂ ಕೈಯಿಂದ ದೋಣಿಯನ್ನು ನೀರಿಗೆ ಬಿಟ್ಟಳು.

ದೋಣಿ ಸರಿಯಿತು. ಅದು ದೂರವಾದಂತೆ ಮಗುವಿನ ಎದೆ ಏರಿಳಿಯತೊಡಗಿತು. ತುಟಿಗೆ ಬಣ್ಣ ಬಂತು. ಇನ್ನೂ ದೂರ. ಇನ್ನೂ ಸ್ವಲ್ಪ.

ಆಮೇಲೆ ಹಳದಿ ಹಾಯಿ ನಿಂತಿತು. ಅರ್ಧ ಸುತ್ತು ತಿರುಗಿತು. ಈ ಕಡೆಗೇ ಮುಖ ಮಾಡಿತು.

ಶ್ರೀಯಾ ಗೊರಗೊರ ಸದ್ದು ಮಾಡಿದಳು.

ಆಗಲೇ ದ್ವೀಪದ ಮರೆಯಿಂದ ಇನ್ನೊಂದು ಮೋಟಾರ್ ಬೋಟ್ ಬಂತು. ಜೋರಾಗಿ ಹಾಡು ಹಾಕಿದ್ದರು. ಬಿಸಿಲ ಟೋಪಿ ಹಾಕಿದ್ದ ಹೆಂಗಸೊಬ್ಬಳ ತೊಡೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟಿನ ಪುಟ್ಟ ಹುಡುಗಿ. ಹುಡುಗಿ ನೀರಿನತ್ತ ಬೆರಳು ತೋರಿಸಿದಳು. ಬೋಟು ನಿಧಾನವಾಯಿತು. ಹೆಂಗಸು ನಗುತ್ತ ಬಗ್ಗಿದಳು.

ವಾರಿಜಾಕ್ಷಿ ಎದ್ದು ನಿಂತರು. ಕೈಯೆತ್ತಿದರು. ಕೂಗಲೆಂದು ಬಾಯಿ ತೆರೆದರು.

ಜಯಮಾಲಾ ಹಾರಿ ಬಂದು ಅವರ ಬಾಯಿ ಮುಚ್ಚಿದಳು. ಎರಡೂ ಅಂಗೈಯಿಂದ, ಬಿಗಿಯಾಗಿ. ಡಾಕ್ಟರು ಕೊಸರಾಡಿದರು, ಅವಳ ಕೈಯನ್ನು ಕಚ್ಚಿದರು. ರಕ್ತ ಬಂತು. ಜಯಮಾಲಾ ಬಿಡಲಿಲ್ಲ. ಕಣ್ಣು ಆಚೆಯ ಬೋಟಿನ ಮೇಲೆ, ಕಿವಿ ಮಗಳ ಉಸಿರಿನ ಮೇಲೆ.

ಆಚೆ ಹೆಂಗಸು ದೋಣಿಯನ್ನು ಎತ್ತಿ ಮಗಳ ಕೈಗೆ ಕೊಟ್ಟಳು.

"ಅಮ್ಮಾ," ಎಂದಳು ಶ್ರೀಯಾ. ತನ್ನದೇ ದನಿಯಲ್ಲಿ. "ಐಯಾಮ್ ಹಂಗ್ರಿ."

ಉಮಾನಾಥ ಕೀಲಿ ತಿರುಗಿಸಿದರು. ಎಂಜಿನ್ ಒಂದೇ ಸಲಕ್ಕೆ ಗುಡುಗಿತು. ವಾರಿಜಾಕ್ಷಿ ನೆಲಕ್ಕೆ ಕುಸಿದು ಮುಖ ಮುಚ್ಚಿಕೊಂಡರು. ಆಚೆಯ ಬೋಟಿನ ಹಾಡು ಫಕ್ಕನೆ ನಿಂತುಹೋಯಿತು. ನೀರ ಮೇಲಿನಿಂದ ಒಂದು ಕೆಮ್ಮು ಕೇಳಿಸಿತು. ಮುದುಕನ ಕೆಮ್ಮು.

"ಹೋಗಿ ಉಮಾನಾಥಣ್ಣಾ," ಎಂದಳು ಜಯಮಾಲಾ, ಮಗಳ ಕಿವಿ ಮುಚ್ಚುತ್ತ. "ಬೇಗ ಹೋಗಿ."