ತಾಂಬೂಲ ಜಾರಿದ ಕೈ

“ಶರಣ್ಯಾ... ಒಳಗೆ ಬನ್ನಿ!”

ಹೆಸರು ಕೂಗಿದವನು ತಲೆಯೆತ್ತಿದ. ಎದ್ದು ಬಂದ ಶರಣ್ಯಾ ಬಾಗಿಲಲ್ಲೇ ನಿಂತಳು. ಭೀಮರಾಜು! ಅವನು ಮಧುಗಿರಿ ಬಿಟ್ಟು ಶಿರಾದ ಈ ಸ್ಕ್ಯಾನಿಂಗ್ ಸೆಂಟರಿಗೆ ಸೇರಿದ್ದಾನೆಂದು ಗೊತ್ತಿದ್ದರೆ, ಈ ದಿಕ್ಕಿಗೆ ತಲೆಹಾಕಿಯೂ ಮಲಗುತ್ತಿರಲಿಲ್ಲ ಅವಳು.

ಹೋದ ಮಾಘದಲ್ಲಿ ಅವನು ಹೆಣ್ಣು ನೋಡಲು ಬಂದಾಗ ಇಬ್ಬರಿಗೂ ಒಪ್ಪಿಗೆ. ಮನಸ್ಸು ಕೊಟ್ಟಾಗಿತ್ತು. ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಅವಳ ಕೈಗೆ ಅವನ ತಾಯಿ ಕೊಲ್ಲಾಪುರಮ್ಮ ತಾಂಬೂಲದ ತಟ್ಟೆ ಇಟ್ಟದ್ದೇ ತಡ, ಅದು ನೆಲಕ್ಕೆ ಬಿತ್ತು. ತಾಂಬೂಲ ಬೀಳಿಸಿದರೆ ಹೆಣ್ಣಿಗೆ ಗಂಡು ಒಪ್ಪಿಗೆಯಿಲ್ಲ ಎಂದೇ ಅವರಲ್ಲಿ ಲೆಕ್ಕ.

“ಬೇಕಂತ್ಲೇ ಎಸೆದ್ಬುಟ್ಲು!” ಎಂದು ಕೊಲ್ಲಾಪುರಮ್ಮ ಎದ್ದರು. ಭೀಮರಾಜು ಅವರ ಹಿಂದೆಯೇ ಹೊರಟ.

ಕೈ ಜೋಮು ಹಿಡಿದಿತ್ತೆಂದು ಇವಳಾದರೂ ಹೇಳಬಾರದಿತ್ತೇ? ಹೇಗೆ ಹೇಳುತ್ತಾಳೆ! ಕೈಲಾಗದವಳನ್ನು ಯಾವ ಮನೆ ಸೊಸೆ ಮಾಡಿಕೊಂಡೀತು...

ಡಾಕ್ಟರ್ ಲೋಹಿತಾ ಮಣಿಕಟ್ಟಿಗೆ ತಣ್ಣನೆಯ ಜೆಲ್ ಹಚ್ಚಿ ಸ್ಕ್ಯಾನ್ ಮಾಡತೊಡಗಿದರು. ಭೀಮರಾಜು ಬಾಗಿಲ ಬಳಿಯೇ ನಿಂತಿದ್ದ.

“ನೋಡಮ್ಮ, ಇದು ನರ. ಇಲ್ಲಿ ಊದಿಕೊಂಡಿದೆ, ಮುಂದೆ ಅದುಮಿಹೋಗಿ ಚಪ್ಪಟೆಯಾಗಿದೆ. ಹಿಡಿದದ್ದು ಕೈಜಾರೋದು ಯಾವಾಗಿಂದ?”

“ಒಂದ್ ವರ್ಸದ ಮೇಲಾಯ್ತು ಮೇಡಂ...”

ಭೀಮರಾಜುವಿನ ಮುಖ ಬಿಳಿಚಿತು. ಅಯ್ಯೋ, ಹಾಗಾದರೆ ಅವತ್ತು...!

“ತುಂಬಾ ತಡ ಮಾಡಿದ್ದೀಯಮ್ಮ. ಹೆಬ್ಬೆರಳ ಬುಡದ ಮಾಂಸ ಕರಗಿದೆ. ಆಪರೇಷನ್ ಮಾಡಿದರೆ ಇನ್ನೂ ಕೆಡೋದು ನಿಲ್ಲಬಹುದು. ಹೋದ ಬಲ ಪೂರ್ತಿ ಬರುತ್ತೆ ಅಂತ ಹೇಳಲಾರೆ.”

ಹೊರಗಿನ ಬೆಂಚಿನಲ್ಲಿ ಕುಸಿದು ಕೂತಳು ಶರಣ್ಯಾ. ಅವನು ಬಂದು ಪಕ್ಕದಲ್ಲಿ ಕೂತ.

“ನನ್ನ ಒಲ್ಲೆ ಅಂತ ಎಸೆದೆ ಅನ್ಕಂಡಿದ್ದೆ ಕಣೇ. ಒಂದ್ ಮಾತೂ ಕೇಳ್ದಂಗೆ ಬಂದ್ಬುಟ್ಟೆ... ತಪ್ಪು ನಂದೇ.”

“ಈಗ ಕೇಳಿಸ್ಕಂಡ್ರಲ್ಲ? ಸರಿಹೋಗೋ ಕೈಯಲ್ಲ ಇದು. ಬ್ಯಾರೆ ಹೆಣ್ಣು ನೋಡ್ಕಳಿ.”

“ನಂಗೆ ನೀನೇ ಬೇಕು!”

“ನಿಮ್ಮವ್ವ?”

“ಅವ್ವಂಗೆ ನಾನ್ ಹೇಳ್ತೀನಿ.”

ಅವನು ಹೆಬ್ಬೆರಳ ಕಡೆಯಿಂದ ಅವಳ ಕೈ ಹಿಡಿದ. ಶರಣ್ಯಾ ಬಿಕ್ಕಿದಳು. ಇಷ್ಟು ದಿನ ಹಂಬಲಿಸಿದ ಅವನ ಕೈ... ಹಿಡಿದದ್ದೇ ತಿಳಿಯುತ್ತಿಲ್ಲ!

“ಗೊತ್ತೇ ಆಗ್ತಿಲ್ಲ ಕಣ್ರೀ...”

ಹೆಬ್ಬೆರಳು ಒತ್ತಿದ. “ಇದು?”

“ಇಲ್ಲ.”

ತೋರುಬೆರಳು, ನಡುಬೆರಳು... ಅವಳು ಇಲ್ಲವೆಂದು ತಲೆಯಾಡಿಸುತ್ತಲೇ ಇದ್ದಳು. ಅವನ ಕಣ್ಣೂ ತುಂಬಿ ಬಂತು. ಕೊನೆಗೆ ಕಿರುಬೆರಳು ಹಿಡಿದ.

“ಇದು... ಇದು ಗೊತ್ತಾಯ್ತದೆ!”

“ಸಾಕು ಬುಡು. ಧಾರೆ ಮುಗ್ದು ಚಪ್ರ ಸುತ್ತೋವಾಗ ಗಂಡು ಹಿಡ್ಕಳೋದು ಇದೊಂದೇ ಬೆರಳು ತಾನೆ?”

“ಹಂಗಾರೆ ಗಟ್ಟಿಯಾಗಿ ಹಿಡ್ಕಳಿ...” ಎಂದಳು.