ಕೇಳುವ ಮೊದಲೇ ಗೊತ್ತಿದ್ದ ಉತ್ತರ

ಪೋರೂರಿನ ಆ ಲ್ಯಾಬಿಗೆ ಶಿವಕಿರಣ್ ಬಂದದ್ದು ಮೊಬೈಲ್ ಸುರಕ್ಷತೆಯ ಪಾಠ ಹೇಳುವುದಕ್ಕೆ. ರೋಗಿಗಳ ರಿಪೋರ್ಟುಗಳೆಲ್ಲ ಸಿಬ್ಬಂದಿಯ ಫೋನುಗಳಲ್ಲೇ ಓಡಾಡುತ್ತವೆ, ಹುಷಾರಾಗಿರಬೇಕಲ್ಲ! ಮಹಾಶಯ ಮೈಕ್ ಹಿಡಿದು, ಫೋನು ಯಾರ ಕೈಗೂ ಕೊಡಬೇಡಿ, ತಾಳಿ ಕಟ್ಟಿದವನಿಗೂ ಪಾಸ್‌ವರ್ಡ್ ಹೇಳಬೇಡಿ ಎಂದು ತಮಿಳಿನಲ್ಲಿ ಅಪ್ಪಣೆ ಕೊಡಿಸಿದ. ಹಿಂದಿನ ಸಾಲಿನಲ್ಲಿ ಕೂತಿದ್ದ ಲ್ಯಾಬಿನ ಹುಡುಗಿ ಶಿಲ್ಪಶ್ರೀ ಕಿಸಕ್ಕನೆ ನಕ್ಕಳು. ಅವನು ಆ ಕಡೆ ನೋಡಿದ. ಅವಳು ದುಪಟ್ಟಾದ ಅಂಚಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣನ್ನು ಮಾತ್ರ ಅವನ ಮೇಲೇ ಇಟ್ಟಳು.

ಅವನ ತಮಿಳಿನಲ್ಲಿ ಇಣುಕುತ್ತಿದ್ದ ಕನ್ನಡವನ್ನು ಗುರುತಿಸಿದ್ದವಳು, ಪಾಠ ಮುಗಿದ ಮೇಲೆ ಹತ್ತಿರ ಹೋಗಿ ಕನ್ನಡದಲ್ಲೇ ಕೇಳಿದಳು. "ತಾಳಿ ಕಟ್ಟದವರಿಗೆ ಹೇಳಬಹುದಾ?"

"ಅಯ್ಯೋ, ನಮ್ಮೋರಾ? ಹಂಗಂದ್ರೆ ಫೋನ್ ಕೊಡಿ, ನಾನೇ ಸೇಫ್ ಮಾಡಿಕೊಡ್ತೀನಿ."

ಕೊಟ್ಟಳು! ಕೇಳಿದ ಪಾಠವನ್ನು ಅಲ್ಲೇ ಗಾಳಿಗೆ ತೂರಿ, ಅನ್‌ಲಾಕ್ ಮಾಡಿಯೇ ಕೊಟ್ಟಳು. ಅವನ ಉದ್ದನೆಯ ರೆಪ್ಪೆ ನೋಡುತ್ತ ನಿಂತವಳಿಗೆ, ಅವನು ಅದನ್ನು ತನ್ನ ಲ್ಯಾಪ್‌ಟಾಪಿನ ಮುಂದೆ ಹಿಡಿದದ್ದು ಎಲ್ಲಿ ಕಾಣಬೇಕು?

ಆಮೇಲಿನ ದಿನಗಳೆಲ್ಲ ಸಕ್ಕರೆ. ಮಲ್ಲಿಗೆ ಬೇಕೆನಿಸಿದ ದಿನ ಅವನ ಕೈಯಲ್ಲಿ ಮಲ್ಲಿಗೆ. ತಲೆನೋವು ಬಂದರೆ, ಅವಳು ಬಾಯಿಬಿಡುವ ಮೊದಲೇ ಮಾತ್ರೆ. "ಇದೆಲ್ಲ ನಿಮಗೆ ಹೆಂಗ್ರೀ ಗೊತ್ತಾಗತ್ತೆ?" ಎಂದರೆ, "ನಿನ್ನ ಕಣ್ಣಲ್ಲಿ ಓದ್ತೀನಿ" ಎನ್ನುತ್ತಿದ್ದ. ಓದುತ್ತಿದ್ದದ್ದೇನೋ ನಿಜ.

ಒಂದು ಭಾನುವಾರ ನುಂಗಂಬಾಕ್ಕಂನ ಹೋಟೆಲಿನಲ್ಲಿ ಅವನು ಅವಳ ಕೈ ಹಿಡಿದುಕೊಂಡ.

"ಶಿಲ್ಪ, ನನ್ನ ಮದುವೆ ಆಗ್ತೀಯಾ?"

ಹೂಂ ಎನ್ನಬೇಕು, ಅದಕ್ಕೆ ಮುಂಚೆ ಒಂದು ಮಾತು ಹೇಳಬೇಕು ಎಂದು ಅವಳು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದಳು. ಅವನೋ, ರಿಸಲ್ಟ್ ಗೊತ್ತಾದ ಹುಡುಗನ ಹಾಗೆ ಆರಾಮಾಗಿ ಕಾಫಿ ಹೀರುತ್ತಿದ್ದ.

"ನಿಮ್ಮ ಮುಖ ನೋಡಿದ್ರೆ..." ನಾಚಿಕೆಗೆ ಮಾತು ಸಿಕ್ಕಿಹಾಕಿಕೊಂಡಿತು.

"ಹೇಳಮ್ಮಾ," ಅವನು ನಕ್ಕ. "ಉಪ್ಪಿಲ್ಲದ ಸಾರು ಬಡಿಸಿದ್ರೂ ಇನ್ನೊಂದು ಸಲ ಹಾಕಿಸ್ಕೊಳ್ಳೋ ಮುಖ. ಅದೇ ತಾನೆ?"

ಅವಳು ಕೈ ಬಿಡಿಸಿಕೊಂಡಳು. ಆ ಮಾತನ್ನು ನಿನ್ನೆ ವಾಟ್ಸಾಪಿನಲ್ಲಿ ಬರೆದದ್ದು ತನ್ನನ್ನು ಸಾಕಿದ ಪೆರಂಬೂರಿನ ಚಿಕ್ಕಮ್ಮನಿಗೆ. ಬೇರೆ ಯಾರಿಗೂ ಅಲ್ಲ.

"ಚಿಕ್ಕಮ್ಮ ಹೇಳಿದ್ರಾ?"

"ಅವರನ್ನ ನಾನಿನ್ನೂ ನೋಡೇ..." ಅಂದವನು ನಾಲಿಗೆ ಕಚ್ಚಿಕೊಂಡ.

ಶಿಲ್ಪಶ್ರೀ ಫೋನು ತೆಗೆದು, ತನ್ನ ವಾಟ್ಸಾಪ್ ಇನ್ನೆಲ್ಲಿ ತೆರೆದಿದೆ ಎಂದು ತೋರಿಸುವ ಲಿಂಕ್ಡ್ ಡಿವೈಸಸ್ ಒತ್ತಿದಳು. ಅಲ್ಲಿ ಒಂದು ಲ್ಯಾಪ್‌ಟಾಪ್ ಕೂತಿತ್ತು. ಅವಳ ಹತ್ತಿರ ಲ್ಯಾಪ್‌ಟಾಪೇ ಇಲ್ಲ.

"ಸುಮ್ಮಾ ಆಟಕ್ಕೆ ಮಾಡ್ದೆ ಶಿಲ್ಪ. ಪ್ರೀತಿ ಜಾಸ್ತಿ ಆಗಿ... ನೀನು ಒಲ್ಲೆ ಅಂದ್ಬಿಟ್ರೆ ಅಂತ ಭಯ."

"ನನಗೆ ಭಯ ಇರ್ಲಿಲ್ವಾ? ನಾನು ಯಾರ ಫೋನ್ ಇಣುಕಿದೆ? ಇದೇ ಫೋನಿಗೆ ಲ್ಯಾಬ್ ರಿಪೋರ್ಟುಗಳೂ ಬರ್ತವೆ. ಯಾರ್ಯಾರ ಕಾಯಿಲೆ ಓದಿದ್ರಿ?"

"ಅದನ್ನ ತೆಗೀಲೇ ಇಲ್ಲ, ಪ್ರಾಮಿಸ್!"

ಪ್ರಾಮಿಸ್ ಅಂತೆ! ಥೂ, ನಾಚಿಕೆಗೆಟ್ಟ ಬಾಯಿ.

ಅವಳು ಅವನ ಎದುರಿಗೇ ಲಾಗ್ಔಟ್ ಒತ್ತಿದಳು. ಇಂಥವನ ಮುಂದೆ ಅಳುವುದೇ ಎಂದು, ಬಂದ ಅಳುವನ್ನು ನುಂಗಿಕೊಂಡಳು.

"ಈಗ ಕೇಳಿ. ಇನ್ನೊಂದು ಸಲ ಕೇಳಿ."

ಅವನು ಲೋಟ ಕೆಳಗಿಟ್ಟ. ನಗು ಆರಿತ್ತು. ಕಣ್ಣು ಅವಳ ಮುಖವನ್ನೆಲ್ಲ ತಡಕಾಡಿ, ಏನೂ ಸಿಗದೆ ಕಂಗಾಲಾಯಿತು.

"ಶಿಲ್ಪ... ನನ್ನ ಮದುವೆ ಆಗ್ತೀಯಾ?"

ಎಷ್ಟು ಚೆಂದ ಇತ್ತು ಆ ಗಾಬರಿಯ ಮುಖ! ಮೊದಲೇ ಹೀಗೆ ಕೇಳಿದ್ದರೆ ಮಾತು ಮುಗಿಯುವ ಮುಂಚೆಯೇ ಹೂಂ ಅನ್ನುತ್ತಿದ್ದಳು. ಈಗಲೂ ಅವನೆಂದರೆ ಆಸೆಯೇ, ಅದೇ ಅವಳಿಗೆ ಸಿಟ್ಟು.

"ಇಲ್ಲ," ಎಂದಳು. "ಇದನ್ನ ಇನ್ನೂ ಯಾರಿಗೂ ಹೇಳಿಲ್ಲ. ಮೊದಲು ನಿಮಗೇ ಹೇಳ್ತಿದೀನಿ."